ಭಾರದ ಬಿಲ್ಲಿನಲ್ಲಿ ಬೇಗ ಬೇಗ ಬಾಣ ಬಿಡುವುದು ಹೇಗೆ?

ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹತ್ತಿರ 1545ರಲ್ಲಿ ಮೇರಿ ರೋಸ್ ಅನ್ನುವ ಯುದ್ಧದ ಹಡಗು ಮುಳುಗಿತು. ಅದರಲ್ಲಿ ಸಿಕ್ಕ ಯೂ ಮರದ ಉದ್ದ ಬಿಲ್ಲುಗಳನ್ನು ಪೂರ್ತಿ ಎಳೆಯಲು 100ರಿಂದ 185 ಪೌಂಡ್, ಅಂದರೆ ಸುಮಾರು 45ರಿಂದ 84 ಕಿಲೋ ಬಲ ಬೇಕಿತ್ತು ಅಂತ ಅಂದಾಜು. ಒಂದು ಸಿಮೆಂಟ್ ಮೂಟೆಯೇ 50 ಕಿಲೋ, ಅಲ್ವಾ? ಅಷ್ಟು ಭಾರವನ್ನು ಎರಡು ಮೂರು ಬೆರಳಲ್ಲಿ ಎಳೆದು, ಬಿಟ್ಟು, ತಕ್ಷಣ ಮತ್ತೆ ಎಳೆಯಬೇಕು. ಇಲ್ಲಿ ಕೈ ಬೀಸಿದರೆ ವೇಗ ಬರುವುದಿಲ್ಲ. ಒಂದು ಬಾಣಕ್ಕೂ ಇನ್ನೊಂದಕ್ಕೂ ನಡುವೆ ಸುಮ್ನೆ ಹಾಳಾಗುವ ಹೊತ್ತನ್ನು ಉಳಿಸಬೇಕು.

ಅದಕ್ಕೇ ಮೊದಲು 25–30 ಪೌಂಡಿನ ಹಗುರ ಬಿಲ್ಲು ಹಿಡಿಯಿರಿ. ಕಲಿಯಬೇಕಾದ್ದು ಬಾಣ ಹೂಡುವುದನ್ನು, ಅದೂ ನೋಡದೆ. ಮೂರು ಗರಿಗಳಲ್ಲಿ ಬೇರೆ ಬಣ್ಣದ್ದು ಬಿಲ್ಲಿನಿಂದ ಆಚೆಗೆ ಇರಬೇಕು. ಆ ಗರಿಯ ನೇರಕ್ಕೆ ಬಾಣದ ಹಿಂತುದಿಯ ಮೇಲೆ, ಹೆದೆ ಕೂರುವ ಕಚ್ಚಿನ ಪಕ್ಕದಲ್ಲಿ, ಒಂದು ಹನಿ ಅಂಟು ಹಾಕಿ ಒಣಗಿಸಿ. ಸಾಸಿವೆಯಷ್ಟು ಉಬ್ಬು ಸಾಕು, ಹೆಬ್ಬೆರಳಿಗೆ ಅದು ತಾಗಿದ ಕೂಡಲೇ ಬಾಣ ಯಾವ ಕಡೆಗಿದೆ ಅಂತ ಗೊತ್ತಾಗುತ್ತದೆ, ಕಣ್ಣು ಗುರಿಯ ಮೇಲೇ ಇರುತ್ತದೆ.

ಬಾಣ ಎಲ್ಲಿಟ್ಟುಕೊಳ್ಳುವುದು? ಹಂಗೇರಿಯ ಕುದುರೆ ಬಿಲ್ಲುಗಾರ ಲಾಯೋಶ್ ಕಾಶೈ ಬಿಲ್ಲು ಹಿಡಿದ ಕೈಯಲ್ಲೇ ಒಂದು ಹಿಡಿ ಬಾಣ ಇಟ್ಟುಕೊಳ್ಳುತ್ತಾರೆ. ಹಗುರ ಬಿಲ್ಲಿಗೆ ಅದು ಚೆನ್ನ. ಭಾರದ ಬಿಲ್ಲಿನಲ್ಲಿ ಆ ಅಂಗೈ ಮೇಲೆ ಒತ್ತಡ ಜಾಸ್ತಿ, ಹಾಗಾಗಿ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಎಳೆತ. ಹ್ಯೂ ಲ್ಯಾಟಿಮರ್ ಅನ್ನುವ ಇಂಗ್ಲಿಷ್ ಧರ್ಮಗುರು 1549ರಲ್ಲಿ ಒಂದು ಪ್ರವಚನದಲ್ಲಿ, ಅಪ್ಪ ತನಗೆ ತೋಳಿನ ಬಲದಿಂದಲ್ಲ, ಇಡೀ ಮೈ ಹಾಕಿ ಬಿಲ್ಲು ಎಳೆಯಲು ಕಲಿಸಿದರು ಅಂದಿದ್ದರು. ಹಾಗೇ ಮಾಡಿ: ಬಿಲ್ಲು ಎತ್ತುತ್ತಾ ಎತ್ತುತ್ತಾ ಎಡಗೈಯನ್ನು ಮುಂದಕ್ಕೆ ನೂಕಿ, ಬಲ ಮೊಣಕೈಯನ್ನು ಬೆನ್ನಿನಿಂದ ಹಿಂದಕ್ಕೆ ತನ್ನಿ, ಕೈ ಕೆನ್ನೆಗೆ ಬಂದ ಕೂಡಲೇ ಬಿಡಿ. ಪೂರ್ತಿ ಎಳೆದು ನಿಂತರೆ ಮುಂದಿನ ಬಾಣಕ್ಕೆ ಬೇಕಾದ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಬಿಟ್ಟ ಕೈ ವಾಪಸ್ ಮುಖದ ಹತ್ತಿರ ಬರುವುದು ಬೇಡ, ನೇರ ಬೆಲ್ಟಿಗೆ ಹೋಗಲಿ.

ಇಷ್ಟು ಮೈಗೂಡಿದ ಮೇಲೆ ಭಾರವನ್ನು ಐದೈದು ಪೌಂಡ್ ಏರಿಸಿ, ಅವಸರ ಬೇಡ. ಅವಸರದಲ್ಲಿ ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲೇ ಸೀಳಬಹುದು. ಒಂದು ಸುತ್ತಿಗೆ ಆರು ಬಾಣ ಸಾಕು. ಕೈ ಕೆನ್ನೆಯವರೆಗೆ ಬರದೆ ಗಲ್ಲದ ಮುಂದೆಯೇ ನಿಲ್ಲತೊಡಗಿತಾ, ಅವತ್ತಿಗೆ ಹೆದೆ ಇಳಿಸಿಬಿಡಿ.