ಅಮೆರಿಕದ ಕೋರ್ಟಿನಲ್ಲಿ ಹತ್ತೇ ನಿಮಿಷದಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಬೇಡಿ

ಪೊಲೀಸರು ಗಾಡಿ ನಿಲ್ಲಿಸಿದರೆ ಕೈ ಸ್ಟೀರಿಂಗ್ ಮೇಲೆ ಇಡಬೇಕು, ಕೆಳಗೆ ಇಳಿಯಬಾರದು. ಇದು ನಿಮಗೆ ಗೊತ್ತೇ ಇರುತ್ತದೆ. ಹೊಸದಾಗಿ ಬಂದವರು ಎಡವುತ್ತಿರುವುದು ಕೋರ್ಟಿನಲ್ಲಿ. ನಾನೂ ಅಲ್ಲೇ ಎಡವಿದವನು.

ಬಂದ ಎರಡನೇ ವರ್ಷ. ಅಂಗಡಿಯಲ್ಲಿ ಕಾರ್ಟಿನ ಕೆಳಗಿಟ್ಟಿದ್ದ ಅಕ್ಕಿಚೀಲ ಸ್ಕ್ಯಾನ್ ಮಾಡಲು ಮರೆತೆ. ಬಾಗಿಲಲ್ಲೇ ಹಿಡಿದರು. ಠಾಣೆ, ಬೆರಳಚ್ಚು, ಕಳ್ಳತನದ ಕೇಸು.

ಆ ಊರಿನಲ್ಲಿ ಬಿಳಿಯರೇ ಜಾಸ್ತಿ. ಕೋರ್ಟಿನ ಬೆಂಚಿನ ಮೇಲೆ ಮಾತ್ರ ಕಪ್ಪು, ಕಂದು ಮುಖಗಳೇ ತುಂಬಿದ್ದವು. ನನ್ನ ಪಕ್ಕದಲ್ಲಿ ಕೂತಿದ್ದ ಕಪ್ಪು ಹೆಂಗಸಿನ ಮಗ 500 ಡಾಲರ್ ಜಾಮೀನು ಕಟ್ಟಲಾಗದೆ ಒಂಬತ್ತು ದಿನದಿಂದ ಜೈಲಿನಲ್ಲಿದ್ದ. "ತಪ್ಪು ಒಪ್ಪಿಕೊಂಡರೆ ಸಂಜೆಗೆ ಮನೆಗೆ ಬಿಡ್ತಾರಂತೆ" ಅಂದರು. ಅವನಿಗೆಂದು ತಂದ ಜಾಕೆಟ್ ಮಡಿಲಲ್ಲಿತ್ತು. ಅದನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಅವನು ನಿಜವಾಗಿ ತಪ್ಪು ಮಾಡಿದ್ದನಾ ಅನ್ನುವ ಮಾತೇ ಬರಲಿಲ್ಲ.

ಇಲ್ಲಿ ನಡೆಯುವುದೇ ಹೀಗೆ. ಫೆಡರಲ್ (ಕೇಂದ್ರ) ಕೋರ್ಟುಗಳಲ್ಲಿ ಶಿಕ್ಷೆಯಾಗುವ 100ರಲ್ಲಿ 97 ಕೇಸು ವಿಚಾರಣೆಯೇ ಇಲ್ಲದೆ, ತಪ್ಪೊಪ್ಪಿಗೆಯಿಂದಲೇ ಮುಗಿಯುತ್ತವೆ ಎಂದು 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿದೆ. ಕೈಯಲ್ಲಿ ದುಡ್ಡಿಲ್ಲದವನು ಬೇಗ ಒಪ್ಪಿಕೊಳ್ಳುತ್ತಾನೆ. ಜನಸಂಖ್ಯೆಗೆ ಹೋಲಿಸಿದರೆ ರಾಜ್ಯಗಳ ಜೈಲುಗಳಲ್ಲಿ ಕಪ್ಪು ಜನ ಬಿಳಿಯರ ಸುಮಾರು ಐದು ಪಟ್ಟು ಇದ್ದಾರೆ. ಸುಮ್ನೆ ಆದದ್ದಲ್ಲ ಇದು.

ನನಗೂ ಅಂಥದೇ ತಪ್ಪೊಪ್ಪಿಗೆ ಕಾಗದ ಕೊಟ್ಟರು. ತಪ್ಪು ಒಪ್ಪಿಕೊಳ್ಳಿ, 200 ಡಾಲರ್ ಕಟ್ಟಿ, ಆರು ತಿಂಗಳು ಸರಿಯಾಗಿದ್ದರೆ ಕೇಸು ವಜಾ. ನಮ್ಮ ದೇಶದಲ್ಲಾದರೆ ವರ್ಷಗಟ್ಟಲೆ ಅಲೆಯಬೇಕಿತ್ತು, ಇಲ್ಲಿಯ ವ್ಯವಸ್ಥೆಯೇ ವಾಸಿ ಅಂದುಕೊಂಡು ಸಹಿ ಹಾಕಿದೆ. ಈಗ ಹಾಗನ್ನಿಸುವುದಿಲ್ಲ. ಅಲೆದಾಟದಲ್ಲಿ ಯೋಚಿಸಲು ಸಮಯವಾದರೂ ಸಿಗುತ್ತದೆ.

ಮೋಸ ಹೋಗುವುದು 'ವಜಾ' ಅನ್ನುವ ಮಾತಿಗೆ. 1996ರ ವಲಸೆ ಕಾನೂನಿನ ಪ್ರಕಾರ, ನೀವು ತಪ್ಪು ಒಪ್ಪಿಕೊಂಡು ಜಡ್ಜ್ ಏನಾದರೂ ದಂಡ ಅಥವಾ ನಿರ್ಬಂಧ ಹಾಕಿದರೆ ಸಾಕು, ಅದು ಅಪರಾಧ ಸಾಬೀತಾದಂತೆಯೇ. ಆಮೇಲೆ ಕೋರ್ಟು ಕೇಸು ವಜಾ ಮಾಡಿದರೂ ವಲಸೆ ಇಲಾಖೆಯ ಲೆಕ್ಕದಲ್ಲಿ ಅಳಿಯುವುದಿಲ್ಲ. ಮೂರು ವರ್ಷದ ನಂತರ ವೀಸಾ ಸ್ಟ್ಯಾಂಪಿಂಗ್‌ಗೆ (ಪಾಸ್‌ಪೋರ್ಟಿನಲ್ಲಿ ವೀಸಾ ಹಾಕಿಸಲು) ಊರಿಗೆ ಹೋದಾಗ ನನ್ನ ಬೆರಳಚ್ಚಿನ ಜೊತೆ ಆ ಕೇಸೂ ಎದ್ದು ಬಂತು. ಐದು ತಿಂಗಳು ವಾಪಸ್ ಬರಲಾಗಲಿಲ್ಲ. ವಕೀಲರಿಗೆ 6,000 ಡಾಲರ್ ಹೋಯಿತು.

ವಲಸಿಗರಿಗೆ ಗಡೀಪಾರಿನ ಅಪಾಯವಿದ್ದರೆ ವಕೀಲರು ಅದನ್ನು ಹೇಳಲೇಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ನಾನು ವಕೀಲರನ್ನೇ ಇಟ್ಟುಕೊಂಡಿರಲಿಲ್ಲ! ಜೈಲಾಗದ ಸಣ್ಣ ಕೇಸುಗಳಿಗೆ ಸರ್ಕಾರದ ಖರ್ಚಿನಲ್ಲಿ ನಮ್ಮ ಪರ ವಾದಿಸುವ ವಕೀಲರು ಸಿಗದೇ ಹೋಗಬಹುದು.

"ಇದೆಲ್ಲ ಕಪ್ಪು ಜನರ ಸಮಸ್ಯೆ, ನಮಗೇನಾಗಲ್ಲ" ಅನ್ನುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ ಗುಜರಾತಿ ಅಜ್ಜ ಮಗನ ಮನೆಯ ಬೀದಿಯಲ್ಲಿ ನಡೆಯುತ್ತಿದ್ದರು. ಯಾರೋ ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಎಂದು ಒಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸ್ ಅವರನ್ನು ನೆಲಕ್ಕೆ ಕೆಡವಿದ, ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಭಾಗಶಃ ಸ್ವಾಧೀನ ತಪ್ಪಿದವು. ಎರಡು ಸಲ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ಜನರ ತಂಡ) ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ಜಡ್ಜ್ ಆ ಪೊಲೀಸನನ್ನು ಖುಲಾಸೆ ಮಾಡಿದರು.

ಹಾಗಾಗಿ ಆ ತಪ್ಪೊಪ್ಪಿಗೆ ಕಾಗದ ನಿಮ್ಮ ಮುಂದೆ ಬಂದರೆ "ನಾಟ್ ಗಿಲ್ಟಿ" (ತಪ್ಪು ಒಪ್ಪಿಕೊಳ್ಳುವುದಿಲ್ಲ) ಅನ್ನಿ, ಇನ್ನೊಂದು ತಾರೀಕು ಕೇಳಿ. ಕ್ರಿಮಿನಲ್ ವಕೀಲರ ಜೊತೆಗೆ ವಲಸೆ ವಕೀಲರಿಗೂ ಆ ಕಾಗದ ತೋರಿಸಿ, ಸಹಿ ಹಾಕುವ ಮೊದಲೇ.