ಹೊಸ ಗೋಡೆಗೆ ಹಳೆಯ ಕಳೆ ತಂದದ್ದು

ಎಮಲ್ಷನ್, ಅಂದರೆ ಈಗಿನ ಪ್ಲಾಸ್ಟಿಕ್ ಬಣ್ಣ, ಬಿದ್ದ ಗೋಡೆಯ ಮೇಲೆ ಸುಣ್ಣ ನಿಲ್ಲೋದಿಲ್ಲ, ಎರಡು ತಿಂಗಳಲ್ಲಿ ಹಕ್ಕಳೆ ಏಳುತ್ತೆ ಎಂದು ನಮ್ಮ ಕಸುಬಿನವರೇ ನಾಲ್ಕೈದು ಜನ ಹೇಳಿದ್ದರು. ಒಂದು ಮನೆಯಲ್ಲಿ ಅಂಥ ಗೋಡೆಗೇ ಸುಣ್ಣ ಬಳಿದು ಹಳೆಯ ಕಳೆ ತಂದೆ. ಆ ಗೋಡೆಗೀಗ ಹೆಚ್ಚುಕಡಿಮೆ ಮೂರು ವರ್ಷ. ಅಂಗೈಯಿಂದ ಸವರಿದರೂ ಪುಡಿ ಹತ್ತುವುದಿಲ್ಲ.

ಅವರ ಮಾತು ಪೂರ್ತಿ ಸುಳ್ಳಲ್ಲ. ಮೊದಲ ಸಲ ನಾನು ಎಮಲ್ಷನ್ ಮೇಲೆ ನೇರವಾಗಿ ಸುಣ್ಣ ಬಳಿದಿದ್ದೆ. ಮೂರನೇ ವಾರಕ್ಕೆ ಹಾಳೆ ಹಾಳೆಯಾಗಿ ಎದ್ದುಬಂತು. ಆ ಕೆಲಸದಲ್ಲಿ ದುಡಿದದ್ದೆಲ್ಲ ಕೆರೆದು ತೆಗೆಯುವ ಕೂಲಿಗೇ ಹೋಯಿತು. ಎರಡನೇ ಸಲ ಸುಣ್ಣ ಬಿಟ್ಟು, ತೆಳು ಕಂದು ಬಣ್ಣವನ್ನು ಸ್ಪಾಂಜಿನಿಂದ ಒತ್ತಿದೆ. ಹತ್ತಿರದಿಂದ ಚೆನ್ನಾಗಿತ್ತು. ದೂರ ನಿಂತು ನೋಡಿದರೆ ಒಂದೇ ಅಚ್ಚು ನೂರು ಸಲ ಬಿದ್ದ ಹಾಗೆ, ಗೋಡೆಗೆ ಹೊಗೆ ಹಿಡಿದ ಹಾಗೆ ಕಾಣುತ್ತಿತ್ತು. ಅಂಟು ಬಳಿದು ಮೇಲೆ ಬಣ್ಣ ಎಳೆದು ಬಿರುಕು ತರಿಸುವ ವಿಧಾನ ಹಲಗೆಯ ಮೇಲೆ ಅದ್ಭುತವಾಗಿ ಬಂತು. ಗೋಡೆಯ ಮೇಲೆ ಅಂಟು ಕೆಳಗೆ ಜಾರಿತು, ಬ್ರಷ್ ಎರಡನೇ ಸಲ ಆಡಿಸಿದಲ್ಲೆಲ್ಲ ಕಿತ್ತುಬಂತು.

ಆಮೇಲೆ ಹೊಳೆದದ್ದು ಇಷ್ಟು: ಹಳೆತನವೆಂದರೆ ಮೇಲೆ ಬಳಿಯುವಂಥದ್ದಲ್ಲ, ಒಳಗಿನದನ್ನು ತೋರಿಸುವಂಥದ್ದು. ಮೊದಲು ಪದರಗಳಿರಬೇಕು, ಆಮೇಲೆ ಅವು ಸವೆಯಬೇಕು.

ಹಾಗಾಗಿ ಆ ಮನೆಯ ಗೋಡೆಯಲ್ಲಿ ಎಮಲ್ಷನ್ನಿನ ಹೊಳಪು ಪೂರ್ತಿ ಹೋಗುವವರೆಗೆ 80 ನಂಬರಿನ ಉಪ್ಪುಕಾಗದದಿಂದ ಉಜ್ಜಿದೆ. ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್‌ಗೆ ಜರಡಿ ಹಿಡಿದ ಸಣ್ಣ ಮರಳು ಬೆರೆಸಿದೆ, ಐದು ಪಾಲಿಗೆ ಒಂದು ಪಾಲು ಇದ್ದಿರಬಹುದು. ಕೈಗೆ ಚುರಚುರ ಅನ್ನಬೇಕು, ಆಗಲೇ ಸುಣ್ಣಕ್ಕೆ ಹಿಡಿತ. ಮೊದಲ ಕೋಟಿನ ಸುಣ್ಣಕ್ಕೆ ಕೆನೆ ತೆಗೆದ ಹಾಲು ಹತ್ತರಲ್ಲಿ ಒಂದು ಪಾಲು ಹಾಕಿದೆ. ಹೆಚ್ಚಾದರೆ ಒಣಗುವಾಗ ಸೆಳೆದು ಸಿಪ್ಪೆ ಏಳುತ್ತದೆ. ಒಟ್ಟು ನಾಲ್ಕು ಕೋಟು, ನಾಲ್ಕೂ ಹಾಲಿನಷ್ಟು ತೆಳು. ಅಡಿಯಲ್ಲಿ ಕಾವಿ, ಮೇಲೆ ಹಳದಿ ಮಣ್ಣು, ಕೊನೆಗೆ ಬರೀ ಸುಣ್ಣದ ಬಿಳುಪು. ಪ್ರತಿ ಕೋಟಿಗೆ ಮುಂಚೆ ನೀರು ಚಿಮುಕಿಸಿ ನಿಧಾನ ಒಣಗಲು ಬಿಡಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಾಗಲೇ ಸುಣ್ಣ ಗಟ್ಟಿಯಾಗುವುದು. ಫ್ಯಾನ್ ಹಾಕಿ ಬೇಗ ಒಣಗಿಸಿದ ಒಂದು ಮೂಲೆ ನನ್ನದು ಪುಡಿಯಾಯಿತು.

ಹಸಿಯಲ್ಲಿ ಕಂಡ ಬಣ್ಣವನ್ನು ನಂಬಬೇಡಿ, ಒಣಗಿದ ಮೇಲೆ ತುಂಬಾ ತಿಳಿಯಾಗುತ್ತದೆ. ನಡುವೆ ಪ್ರಷ್ಯನ್ ನೀಲಿಯನ್ನೂ ಬೆರೆಸಿ ನೋಡಿದೆ. ಸುಣ್ಣದ ಕ್ಷಾರಕ್ಕೆ ನೀಲಿ ಸತ್ತು ಕಂದು ತಿರುಗಿತು. ಮಣ್ಣಿನ ಬಣ್ಣಗಳಿಗೆ ಆ ಕಾಟವಿಲ್ಲ.

ಸವೆಸುವುದರಲ್ಲೇ ಕೆಲಸದ ಜೀವ ಇರುವುದು. ಕೈ ತಾಗುವ ಕಡೆ, ಬಾಗಿಲ ಚೌಕಟ್ಟಿನ ಪಕ್ಕ, ಕಿಟಕಿಯ ಕೆಳಗೆ, ಮೂಲೆಯ ಅಂಚಿನಲ್ಲಿ ಕೋಟುಗಳ ನಡುವೆ ಮೇಣದಬತ್ತಿ ತಿಕ್ಕಿದ್ದೆ. ಕೊನೆಯ ಕೋಟು ಅರ್ಧ ಒಣಗಿದಾಗ ಗೋಣಿತಾಟಿನಿಂದ ಅಲ್ಲೇ ಉಜ್ಜಿದೆ, ಮೇಣದ ಮೇಲಿನದು ಕಿತ್ತುಬಂದು ಕಾವಿ ಇಣುಕಿತು. ಗೋಡೆಯ ನಟ್ಟನಡುವೆ ಮುಟ್ಟಲೇ ಇಲ್ಲ. ಅಲ್ಲಿ ಯಾರ ಕೈಯೂ ತಾಗುವುದಿಲ್ಲವಲ್ಲ.

ತುಕ್ಕಿನ ಕಲೆ ಬರಿಸಲು ಅನ್ನಭೇದಿ, ಅಂದರೆ ಕಬ್ಬಿಣದ ಹಸಿರು ಉಪ್ಪು, ಕರಗಿಸಿದ ನೀರು. ಹಸಿ ಸುಣ್ಣದ ಮೇಲೆ ಹಚ್ಚಿದಾಗ ಹಸಿರು ಛಾಯೆ, ಗಾಳಿ ತಾಗುತ್ತಾ ಕೇಸರಿಗೆ ತಿರುಗುತ್ತದೆ. ಎಷ್ಟು ನೀರಿಗೆ ಎಷ್ಟು, ಯಾವ ಹೊತ್ತಿಗೆ ಎಂಬ ಅಳತೆ ನನ್ನ ಬಳಿಯೇ ಇರಲಿ, ಅದನ್ನು ಕಂಡುಕೊಳ್ಳಲು ಹತ್ತಿಪ್ಪತ್ತು ಹಲಗೆ ಹಾಳು ಮಾಡಿದ್ದೇನೆ.

ಖರ್ಚಿನ ಮಾತು. ಸಾಮಾನಿಗೆ ಎಮಲ್ಷನ್ನಿನ ಕಾಲು ಭಾಗವೂ ಆಗಲಿಲ್ಲ. ಆದರೆ ಮೂರು ದಿನದ ಕೋಣೆಗೆ ಒಂಬತ್ತು ದಿನ ಹಿಡಿಯಿತು. ಚದರ ಅಡಿ ಲೆಕ್ಕದಲ್ಲಿ ಒಪ್ಪಿಕೊಂಡು ಮೊದಲೆರಡು ಕೆಲಸದಲ್ಲಿ ಕೈಯಿಂದ ಹಾಕಿದೆ. ಈಗ ದಿನಗೂಲಿಯ ಲೆಕ್ಕಕ್ಕಲ್ಲದೆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಮೊನ್ನೆ ಆ ಮನೆಗೆ ಹೋಗಿದ್ದೆ. ಮೇಜು ಸರಿಸುವಾಗ ಗೋಡೆಗೆ ಗೀರು ಬಿತ್ತು ಎಂದು ಮನೆಯವರು ಪೇಚಾಡಿಕೊಂಡರು. ಎಲ್ಲಿ ಎಂದು ಹುಡುಕಿದೆವು. ಸಿಗಲಿಲ್ಲ.