ಎಂಎಸ್ ಇರುವವರಿಗೆ ಊರುಗೋಲು, ವಾಕರ್: ಇಂಗ್ಲೆಂಡಿಗೆ ಹೊಸದಾಗಿ ಬಂದವರು ದುಡ್ಡು ಸುರಿಯುವ ಮೊದಲು

ಮನೆಯಲ್ಲಿ ಯಾರಿಗೋ ಮಲ್ಟಿಪಲ್ ಸ್ಕ್ಲೀರೋಸಿಸ್ (ಎಂಎಸ್, ಅಂದರೆ ಮಿದುಳು, ಬೆನ್ನುಹುರಿಯ ನರಗಳ ಕಾಯಿಲೆ) ಇದೆ, ನಡೆಯುವುದು ಕಷ್ಟವಾಗುತ್ತಿದೆ. ಇಂಗ್ಲೆಂಡಿಗೆ ಬಂದು ಪಾತ್ರೆ ಪಡಗ ಜೋಡಿಸುವುದೇ ಇನ್ನೂ ಮುಗಿದಿಲ್ಲ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ನಾದಿನಿಗೆ ಈ ಕಾಯಿಲೆ ಇದೆ. ಹಾಗಾಗಿ ಇಲ್ಲಿನ ಬಾಗಿಲುಗಳು ಯಾವುವು, ಯಾವುದನ್ನು ಮೊದಲು ತಟ್ಟಬೇಕು ಅನ್ನುವುದು ನಮ್ಮ ಮನೆಗೆ ಚೆನ್ನಾಗಿ ಗೊತ್ತು.

ಆನ್‌ಲೈನಿನಲ್ಲಿ ವಾಕರ್ ಆರ್ಡರ್ ಮಾಡಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ನಡೆಯಲು ಬೇಕಾದ ಸಾಮಾನಿನಲ್ಲಿ ಹೆಚ್ಚಿನದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಿಂದಲೋ ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದಲೋ ದುಡ್ಡಿಲ್ಲದೆ ಸಿಗುತ್ತದೆ. ಆದರೆ ಬಾಯಿಬಿಟ್ಟು ಕೇಳಬೇಕು. ನಮ್ಮವರು ಕೇಳುವುದಿಲ್ಲ, ಅದೇ ತೊಂದರೆ.

ಕೇಳದಿರಲು ಒಂದು ಕಾರಣ ವೀಸಾ ಭಯ. ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ಹಣದ ನೆರವು ಕೇಳುವಂತಿಲ್ಲ) ಅಂತ ಇರುತ್ತದಲ್ವಾ, ಅದನ್ನು ನೋಡಿ ಏನು ಕೇಳಿದರೂ ತಪ್ಪಾಗುತ್ತದೆ ಎಂದು ಹೆದರಿ ಕೂರುತ್ತಾರೆ. ಆ ಸಾಲು ಸರ್ಕಾರ ಕೊಡುವ ಕೆಲವು ಭತ್ಯೆಗಳಿಗೆ ಸಂಬಂಧಪಟ್ಟದ್ದು. ಉದಾಹರಣೆಗೆ ಅಂಗವೈಕಲ್ಯಕ್ಕೆ ಕೊಡುವ ‘ಪಿಪ್’ ಹಣಕ್ಕೆ ನೀವು ಅರ್ಜಿ ಹಾಕುವಂತಿಲ್ಲ. ಎನ್‌ಎಚ್‌ಎಸ್ ಚಿಕಿತ್ಸೆ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದಕ್ಕೆಂದೇ ಸಾಮಾನ್ಯವಾಗಿ ದೊಡ್ಡವರಿಗೆ ತಲಾ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜನ್ನು ವೀಸಾ ಜೊತೆ ಕಟ್ಟಿಯೇ ಬಂದಿರುತ್ತೀರಿ. ಅಂಗವಿಕಲರಿಗೆ ಕಾರು ನಿಲ್ಲಿಸಲು ಕೊಡುವ ಬ್ಲೂ ಬ್ಯಾಡ್ಜೂ ಆ ಪಟ್ಟಿಯಲ್ಲಿಲ್ಲ. ಇಂಗ್ಲೆಂಡಿನಲ್ಲಿ ಅದಕ್ಕೆ ಹೆಚ್ಚೆಂದರೆ 10 ಪೌಂಡ್.

ಮೊದಲು ಜಿಪಿ, ಅಂದರೆ ನೀವು ಹೆಸರು ನೋಂದಾಯಿಸಿದ ಕುಟುಂಬ ವೈದ್ಯರ ಹತ್ತಿರ ಹೋಗಿ. ಭಾರತದ ಎಂಆರ್‌ಐ ವರದಿ, ಡಿಸ್ಚಾರ್ಜ್ ಸಮ್ಮರಿ, ಮಾತ್ರೆಗಳ ಹೆಸರು ಎಲ್ಲ ಕೈಯಲ್ಲಿರಲಿ. ಅಲ್ಲಿಂದ ನ್ಯೂರಾಲಜಿಗೆ (ನರರೋಗ ವಿಭಾಗಕ್ಕೆ) ಕಳಿಸುತ್ತಾರೆ, ನ್ಯೂರಾಲಜಿಯಲ್ಲಿ ಎಂಎಸ್ ನರ್ಸ್ ಸಿಗುತ್ತಾರೆ. ಈ ನರ್ಸನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಡಾಕ್ಟರ್ ಯಾವಾಗಲೋ ಒಮ್ಮೆ ನೋಡುತ್ತಾರೆ, ದಿನನಿತ್ಯದ ಕಷ್ಟ ಕೇಳುವವರು ಇವರೇ. ಫಿಸಿಯೋಗೂ (ಫಿಸಿಯೋಥೆರಪಿಸ್ಟ್) ಇವರೇ ಬರೆದುಕೊಡಬಹುದು. ಎಷ್ಟೋ ಕಡೆ ಜಿಪಿಯನ್ನು ಕಾಯದೆ ನೀವೇ ಫಿಸಿಯೋಗೆ ಹೆಸರು ಕೊಡುವ ವ್ಯವಸ್ಥೆಯೂ ಇದೆ. ಕೋಲು, ಮೊಣಕೈವರೆಗೆ ಹಿಡಿಯುವ ಕ್ರಚಸ್, ವಾಕರ್ ಇವನ್ನು ಫಿಸಿಯೋ ಅಳತೆ ನೋಡಿ ಎರವಲು ಕೊಡುತ್ತಾರೆ.

ಸ್ನಾನದ ಕುರ್ಚಿ, ಮೆಟ್ಟಿಲ ಹತ್ತಿರದ ಹಿಡಿಕೆ ಇಂಥದ್ದಕ್ಕೆ ಕೌನ್ಸಿಲ್‌ನ ಅಡಲ್ಟ್ ಸೋಶಿಯಲ್ ಕೇರ್‌ಗೆ ಫೋನ್ ಮಾಡಿ, ಆಕ್ಯುಪೇಶನಲ್ ಥೆರಪಿಸ್ಟ್ (ಮನೆಯ ದಿನನಿತ್ಯದ ಕೆಲಸಕ್ಕೆ ಏನು ಅನುಕೂಲ ಬೇಕೆಂದು ನೋಡುವವರು) ಬಂದು ನೋಡಬೇಕು ಎಂದು ಕೇಳಿ. ಇಂಗ್ಲೆಂಡಿನಲ್ಲಿ ಅವರು ಬೇಕೆಂದು ಒಪ್ಪಿದ 1,000 ಪೌಂಡ್‌ವರೆಗಿನ ಸಾಮಾನನ್ನು ಕೌನ್ಸಿಲ್ ಉಚಿತವಾಗಿ ಕೊಡಬೇಕು. ಸ್ಕಾಟ್ಲೆಂಡ್, ವೇಲ್ಸ್‌ನ ನಿಯಮ ಬೇರೆ. ಕಾಯುವುದು ಮಾತ್ರ ಜಾಸ್ತಿಯೇ. ಬಿದ್ದಿದ್ದರೆ ಅದನ್ನು ಫೋನಿನಲ್ಲೇ ಹೇಳಿ. ‘ಪರವಾಗಿಲ್ಲ, ಹೇಗೋ ನಡೀತಿದೆ’ ಅನ್ನುವ ನಮ್ಮ ಮರ್ಯಾದೆಯ ಮಾತನ್ನು ಅಲ್ಲಿ ಆಡಿದರೆ ಹಾಗೆಂದೇ ಬರೆದುಕೊಳ್ಳುತ್ತಾರೆ.

ಫಿಸಿಯೋ ಯಾಕೆ ಬೇಕು, ಕೋಲಿಗೂ ಡಾಕ್ಟರಾ ಅಂತ ಅನ್ನಿಸಬಹುದು. ಎಂಎಸ್ ಕಾಲು ಮುರಿದ ಹಾಗಲ್ಲ. ಬೆಳಗ್ಗೆ ಸಲೀಸಾಗಿ ನಡೆದವರು ಸಂಜೆಗೆ ಗೋಡೆ ಹಿಡಿಯುತ್ತಾರೆ. ಬಿಸಿನೀರ ಸ್ನಾನ ಮಾಡಿದರೂ ಸ್ವಲ್ಪ ಹೊತ್ತು ಕಾಲಿನ ಶಕ್ತಿ ಇಳಿಯುತ್ತದೆ. ಒಬ್ಬರಿಗೆ ಬಲ ಕಡಿಮೆ, ಇನ್ನೊಬ್ಬರಿಗೆ ಬಲ ಇದ್ದರೂ ಸಮತೋಲನ ತಪ್ಪುತ್ತದೆ, ಮತ್ತೊಬ್ಬರಿಗೆ ಪಾದ ಎತ್ತಲಾಗದೆ ಬೆರಳು ನೆಲಕ್ಕೆ ತಾಗುತ್ತದೆ. ಮೂವರಿಗೂ ಒಂದೇ ಕೋಲು ಆಗುವುದಿಲ್ಲ.

ಕೋಲಿನ ಎತ್ತರಕ್ಕೆ ಒಂದು ಸುಲಭದ ಲೆಕ್ಕ ಇದೆ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಒಂದು ಕಾಲು ಸೋತಿದ್ದರೆ ಸಾಮಾನ್ಯವಾಗಿ ಕೋಲು ಅದರ ಎದುರಿನ ಕೈಯಲ್ಲಿ ಇರಬೇಕು. ಎಲ್ಲರೂ ಉಲ್ಟಾ ಹಿಡಿಯುತ್ತಾರೆ. ಚಕ್ರವಿಲ್ಲದ ವಾಕರನ್ನು ಹೆಜ್ಜೆಹೆಜ್ಜೆಗೂ ಎತ್ತಿಡಬೇಕು, ಸುಸ್ತೇ ದೊಡ್ಡ ಕಷ್ಟವಾದವರಿಗೆ ಅದು ಶಿಕ್ಷೆ. ನಾಲ್ಕು ಚಕ್ರ, ಕೈಬ್ರೇಕು, ಕೂರಲು ಸೀಟು ಇರುವ ರೋಲೇಟರ್ ಅಂಥವರಿಗೆ ಹಿತ. ಆದರೆ ಸಮತೋಲನ ತಪ್ಪುವವರ ಕೈಯಿಂದ ಅದು ಮುಂದೆ ಓಡಿಬಿಡಬಹುದು. ಅದಕ್ಕೇ ಫಿಸಿಯೋ ಬೇಕು ಅಂದಿದ್ದು.

ಪಾದ ಜೋತು ಬೀಳುವವರಿಗೆ ಕೋಲಿಗಿಂತ ಮೊದಲು ಕೇಳಬೇಕಾದದ್ದು ಬೇರೆ. ಬೂಟಿಗೆ ಸಿಕ್ಕಿಸಿ ಪಾದ ಮೇಲೆಳೆಯುವ ಪಟ್ಟಿ ಇದೆ, ಪ್ಲಾಸ್ಟಿಕ್ ಸ್ಪ್ಲಿಂಟ್ ಇದೆ. ಎಫ್‌ಇಎಸ್ ಅನ್ನುವ ಪುಟ್ಟ ಯಂತ್ರವೂ ಇದೆ. ಹೆಜ್ಜೆ ಎತ್ತುವ ಹೊತ್ತಿಗೆ ಅದು ಮೊಣಕಾಲಿನ ಕೆಳಗಿನ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಪಾದ ಎತ್ತಿಸುತ್ತದೆ. ಸಾಲ್ಸ್‌ಬರಿಯ ಆಸ್ಪತ್ರೆ ಈ ಕೆಲಸಕ್ಕೆ ಹೆಸರುವಾಸಿ. ಎಲ್ಲರಿಗೂ ಹೊಂದುವುದಿಲ್ಲ, ಸ್ವಂತಕ್ಕೆ ಕೊಳ್ಳಲು ಬಲು ದುಬಾರಿ. ಆದ್ದರಿಂದ ಎನ್‌ಎಚ್‌ಎಸ್ ಮೂಲಕವೇ ಕೇಳಿ.

ಗಾಲಿಕುರ್ಚಿಗೆ ಎನ್‌ಎಚ್‌ಎಸ್‌ನಲ್ಲಿ ಬೇರೆಯೇ ವಿಭಾಗ ಇದೆ. ಅಪರೂಪಕ್ಕೆ ಬೇಕಾದವರಿಗೆ ಅಲ್ಲಿ ಸಿಗುವುದು ಕಷ್ಟ. ಅಂಥವರಿಗೆ ಸ್ವಲ್ಪ ಕಾಲಕ್ಕೆ ಬಾಡಿಗೆಗೆ ಕೊಡುವವರು ಇದ್ದಾರೆ. ಪೇಟೆ ಸುತ್ತಲು ಮಾತ್ರ ಸಾಕಾದರೆ ಅನೇಕ ಊರುಗಳಲ್ಲಿ ಗಾಲಿಕುರ್ಚಿ, ಸ್ಕೂಟರ್ ಎರವಲು ಕೊಡುವ ಶಾಪ್‌ಮೊಬಿಲಿಟಿ ಇದೆ.

ಇಷ್ಟಾದ ಮೇಲೂ ಕೊಳ್ಳಲೇಬೇಕಾಗಿ ಬಂದರೆ ವ್ಯಾಟ್ (ಮಾರಾಟ ತೆರಿಗೆ) ವಿನಾಯಿತಿ ಬಿಡಬೇಡಿ. ಅಂಗವಿಕಲರಿಗೆಂದೇ ಮಾಡಿದ ಸಾಮಾನನ್ನು ದೀರ್ಘಕಾಲದ ಕಾಯಿಲೆ ಇರುವವರು ಸ್ವಂತಕ್ಕೆ ಕೊಂಡರೆ 20 ಶೇಕಡಾ ವ್ಯಾಟ್ ಇಲ್ಲ. 120 ಪೌಂಡಿನ ರೋಲೇಟರ್ 100ಕ್ಕೆ ಬರುತ್ತದೆ. ಅಂಗಡಿಯವರ ಫಾರ್ಮಿನಲ್ಲಿ ಕಾಯಿಲೆಯ ಹೆಸರು ಬರೆದು ಸಹಿ ಹಾಕಬೇಕು. ಅಂಗವಿಕಲರೆಂದು ಎಲ್ಲೂ ನೋಂದಾಯಿಸಿರಬೇಕಿಲ್ಲ. ದುಡ್ಡು ಕೊಡುವ ಮೊದಲೇ ಕೇಳಿ, ಆಮೇಲೆ ವಾಪಸ್ ಪಡೆಯುವುದು ರಗಳೆ.

ಸೆಕೆಂಡ್ ಹ್ಯಾಂಡ್ ಬೇಡ ಅಂತ ಮೂಗು ಮುರಿಯಬೇಡಿ. ಚಾರಿಟಿ ಅಂಗಡಿ, ಹಳೆ ಸಾಮಾನಿನ ವೆಬ್‌ಸೈಟುಗಳಾದ ಗಮ್‌ಟ್ರೀ, ಫ್ರೀಸೈಕಲ್‌ನಲ್ಲಿ ಒಳ್ಳೊಳ್ಳೆ ರೋಲೇಟರ್ ಬರುತ್ತವೆ. ಎರಡೂ ಬ್ರೇಕ್ ಹಿಡಿದು ತಳ್ಳಿ ನೋಡಿ. ಮಡಚಿ ಬಿಚ್ಚಿದಾಗ ಲಾಕ್ ಸರಿಯಾಗಿ ಕೂರುತ್ತದಾ ನೋಡಿ. ಎಷ್ಟು ತೂಕ ತಡೆಯುತ್ತದೆ ಎಂಬ ಚೀಟಿ ಕಿತ್ತುಹೋಗಿದ್ದರೆ ಬಿಟ್ಟುಬಿಡಿ.

ಇನ್ನು ನಮ್ಮ ಸಂಕೋಚದ ವಿಷಯ. ಯುಗಾದಿ ಸಮಾರಂಭಕ್ಕೆ ಕೋಲು ಕಾರಿನಲ್ಲೇ ಬಿಟ್ಟು ಗಂಡನ ತೋಳು ಹಿಡಿದು ಬರುವವರನ್ನು ಕಂಡಿದ್ದೇನೆ. ಇಷ್ಟು ಚಿಕ್ಕ ವಯಸ್ಸಿಗೆ ಕೋಲಾ ಅಂತ ಯಾರಾದರೂ ಕೇಳುತ್ತಾರೆ ಅನ್ನುವ ಭಯ. ಕೇಳುವವರು ಕೇಳುತ್ತಾರೆ ನಿಜ. ನನ್ನ ನಾದಿನಿ ‘ಹೂಂ, ನಿಮಗೂ ಒಂದು ಬೇಕಾ?’ ಅಂತಾಳೆ.

ಊರಿಗೆ ಹೋಗುವಾಗ ವಿಮಾನ ನಿಲ್ದಾಣದಲ್ಲಿ ಸಹಾಯ ಬೇಕೆಂದು ಕನಿಷ್ಠ 48 ಗಂಟೆ ಮೊದಲೇ ಏರ್‌ಲೈನ್‌ಗೆ ಹೇಳಿ, ಅದಕ್ಕೆ ದುಡ್ಡಿಲ್ಲ. ಇಲ್ಲಿಂದ ಹೊರಡುವಾಗ ಎರಡು ನಡಿಗೆ ಸಾಮಾನನ್ನು ಹೆಚ್ಚುವರಿ ಹಣವಿಲ್ಲದೆ ಒಯ್ಯಬಹುದು. ಲೀಡ್ಸ್‌ನ ಚಳಿಯಲ್ಲಿ ಕೋಲಿನಲ್ಲೇ ಓಡಾಡುವವರಿಗೆ ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಗಾಲಿಕುರ್ಚಿ ಬೇಕಾಗಬಹುದು, ಅದನ್ನು ಅಲ್ಲಿ ಬಾಡಿಗೆಗೆ ಮೊದಲೇ ಗೊತ್ತುಮಾಡಿ. ಕೋಲಿನ ತುದಿಯ ರಬ್ಬರ್ ಸವೆದಿದ್ದರೆ ಒರೆಸಿದ ಗ್ರಾನೈಟ್ ನೆಲದ ಮೇಲೆ ಜಾರುತ್ತದೆ. ಇಲ್ಲಿ ಫೆರೂಲ್ ಅಂತ ಕೇಳಿದರೆ ಕೆಲವೇ ಪೌಂಡಿಗೆ ಸಿಗುತ್ತದೆ. ಕೋಲಿನ ತುದಿಯ ದಪ್ಪ ಮಿಲಿಮೀಟರಿನಲ್ಲಿ ಅಳೆದುಕೊಂಡು ಹೋಗಿ.